ಮನೆಯೊಳಗಿನ ಚೇಂಬರ್, ಮೇಲೆ ಟೈಲ್ಸ್: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಟೈಲ್ಸ್ ಮತ್ತು ಪ್ಲಂಬಿಂಗ್ ಕೆಲಸ ಹಿಡಿದು ಮಾಡಿಸುವವನು. ನಿಟ್ಟುವಳ್ಳಿ, ವಿನೋಬನಗರ, ಕೆಟಿಜೆ ನಗರದ ಕಡೆ ಹಳೇ ಮನೆಗೆ ಕಾಲಿಟ್ಟರೆ ಹತ್ತರಲ್ಲಿ ನಾಲ್ಕು ಕಡೆ ಇದೇ ಕಥೆ. ಮೊದಲು ಹಿತ್ತಲಲ್ಲಿದ್ದ ಚೇಂಬರ್, ಅಂದರೆ ಕೊಳಚೆ ನೀರಿನ ಪೈಪುಗಳು ಬಂದು ಕೂಡುವ ಗುಂಡಿ, ಈಗ ಅಡುಗೆಮನೆ ನಡುವೆ ಬಂದು ಕೂತಿರುತ್ತದೆ. ಚೇಂಬರ್ ಏನೂ ನಡೆದು ಬಂದಿಲ್ಲ, ಮನೆ ಹಿಂದಕ್ಕೆ ಬೆಳೆದಿದೆ ಅಷ್ಟೇ. ಮಗನ ಮದುವೆ ಆಯ್ತು, ಒಂದು ರೂಮು ಹೆಚ್ಚಾಯ್ತು, ಹಿತ್ತಲು ಮಾಯ ಆಯ್ತು. ಆಮೇಲೆ ಫೋನ್ ಬರುತ್ತದೆ: "ಅಣ್ಣಾ, ಅದು ಕಾಣದಂಗೆ ಏನಾದ್ರೂ ಮಾಡ್ಬೋದಾ?" ದಿನಾ ಅದನ್ನೇ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಸುಮ್ನೆ ಮೇಲೆ ಟೈಲ್ಸ್ ಹಾಕಿ ಮುಚ್ಚಿಬಿಟ್ಟರೆ ಆಗಲ್ವಾ?

ಆಗಲ್ಲ. ಈ ತಪ್ಪನ್ನು ನಾನು ನಮ್ಮ ಮನೆಯಲ್ಲೇ ಮಾಡಿದ್ದೇನೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಆಗಿನ್ನೂ ಕೆಲಸಕ್ಕೆ ಹೊಸಬ. ಅಡುಗೆಮನೆ ಹಿಂದಕ್ಕೆ ಎಳೆದು ಕಟ್ಟಿದಾಗ ಅವ್ವ "ಆ ಕಲ್ಲು ಮುಚ್ಚಳ ಕಣ್ಣಿಗೆ ಬೀಳಬಾರ್ದಪ್ಪಾ" ಅಂದರು. ನಾನೂ ಜಾಣನ ಹಾಗೆ ಹಳೇ ಕಡಪಾ ಕಲ್ಲಿನ ಮೇಲೆ ಗಾರೆ ಹಾಕಿ, ಕೆನೆ ಬಣ್ಣದ ಎರಡಡಿ ಟೈಲ್ಸ್ ಕೂರಿಸಿಬಿಟ್ಟೆ. ಎರಡು ವರ್ಷ ಏನೂ ಆಗಲಿಲ್ಲ. ನಮ್ಮೂರ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದಲ್ವಾ, ಆ ಸಲ ಮನೆ ತುಂಬ ನೆಂಟರು, ಸ್ನಾನಕ್ಕೆ ಸಾಲು, ಪಾತ್ರೆ ಗುಡ್ಡೆ. ಎರಡನೇ ದಿನ ಬೆಳಗ್ಗೆ ಸಿಂಕ್ ಗೊಳಗೊಳ ಅನ್ನತೊಡಗಿತು, ಬಚ್ಚಲಲ್ಲಿ ನೀರು ಹಿಮ್ಮಡಿ ಮುಳುಗುವಷ್ಟು ನಿಂತಿತು.

ಚೇಂಬರ್ ತೆಗೆಯಬೇಕು. ಎಲ್ಲಿದೆ ಅಂತ ಯಾರಿಗೆ ಗೊತ್ತು? ಟೈಲ್ಸ್ ಹಾಕಿದವನು ನಾನೇ, ನನಗೇ ನೆನಪಿಲ್ಲ. ಸುತ್ತಿಗೆಯ ಹಿಡಿಕೆಯಿಂದ ಒಂದೊಂದೇ ಟೈಲ್ ಕುಟ್ಟಿ ಸದ್ದು ಕೇಳುತ್ತಾ ಹೋದೆ. ಟೊಳ್ಳು ಅನ್ನಿಸಿದ ಕಡೆ ಒಡೆದರೆ ಕೆಳಗೆ ಗಾರೆ ಸರಿಯಾಗಿ ಕೂರದೆ ಟೊಳ್ಳಾಗಿತ್ತು, ಚೇಂಬರ್ ಅಲ್ಲ. ನಾಲ್ಕನೇ ಟೈಲ್ ಒಡೆದಾಗ ಕಡಪಾ ಕಲ್ಲು ಸಿಕ್ಕಿತು. ಒಳಗೆ ಗಟ್ಟಿ ಕಟ್ಟಿದ ಎಣ್ಣೆ ಜಿಡ್ಡು, ಅದರೊಳಗೆ ಪಾತ್ರೆ ತಿಕ್ಕುವ ಒಂದು ಸ್ಟೀಲ್ ನಾರು. ಐದು ನಿಮಿಷದ ಕೆಲಸಕ್ಕೆ ನಾಲ್ಕು ಟೈಲ್ ಹೋದವು. ಅದೇ ಬಣ್ಣ ಆಮೇಲೆ ಎಲ್ಲೂ ಸಿಗಲಿಲ್ಲ. ಇವತ್ತಿಗೂ ಆ ನಾಲ್ಕು ಟೈಲ್ ಬೇರೆ ಬಣ್ಣದವು, ಬಂದವರಿಗೆಲ್ಲ ಅವ್ವ ಅದನ್ನು ತೋರಿಸಿ "ಇದು ನಮ್ಮ ಹುಡುಗನ ಕೈಚಳಕ" ಅನ್ನುತ್ತಾರೆ.

ಚೇಂಬರ್, ಟ್ರ್ಯಾಪ್, ಟ್ಯಾಂಕ್ ಎಲ್ಲಾ ಒಂದೇನಾ?

ಅಲ್ಲ. ಮುಚ್ಚಳ ತರುವ ಮೊದಲು ಕೆಳಗಿರುವುದು ಏನು ಅಂತ ನೋಡಿಕೊಳ್ಳಿ. ಬಚ್ಚಲಲ್ಲಿ ನೀರು ಹೋಗುವ ಜಾಲಿಯ ಕೆಳಗಿರುವುದು ನಹಾನಿ ಟ್ರ್ಯಾಪ್, ಅದರೊಳಗೆ ಸುಮಾರು 50 ಎಂಎಂ ನೀರು ಯಾವಾಗಲೂ ನಿಂತಿರಬೇಕು, ವಾಸನೆಯನ್ನು ತಡೆಯುವುದು ಆ ನೀರೇ. ಅದನ್ನು ಮುಚ್ಚುವ ಹಾಗೇ ಇಲ್ಲ. ಬಚ್ಚಲು, ಸಿಂಕಿನ ನೀರು ಮನೆಯಿಂದ ಹೊರಗೆ ಬಿದ್ದು ಮುಂದಿನ ಲೈನ್ ಸೇರುವ ಕಡೆ ಇರುವುದು ಗಲ್ಲಿ ಟ್ರ್ಯಾಪ್. ಪೈಪುಗಳು ಬಂದು ಕೂಡುವ, ತಿರುಗುವ ಜಾಗದಲ್ಲಿ ಇಟ್ಟಿಗೆಯಲ್ಲಿ ಕಟ್ಟಿದ ಚೌಕ ಗುಂಡಿ ಇನ್ಸ್‌ಪೆಕ್ಷನ್ ಚೇಂಬರ್. ಈ ಬರಹ ಮುಖ್ಯವಾಗಿ ಅದರದ್ದು.

ಸೆಪ್ಟಿಕ್ ಟ್ಯಾಂಕಿನ ಬಾಯಿ ಮನೆಯೊಳಗೆ ಬಂದಿದ್ದರೆ ವಿಷಯವೇ ಬೇರೆ. ಅದಕ್ಕೆ ಅಂದದ ಮುಚ್ಚಳ ಹುಡುಕಬೇಡಿ, ಟ್ಯಾಂಕನ್ನು ಖಾಲಿ ಮಾಡಿಸಿ ಮುಚ್ಚಿಸಿ, ಹೊರಗೆ ಹೊಸದು ಕಟ್ಟಿಸಿ ಅಥವಾ ರಸ್ತೆಯಲ್ಲಿ ಯುಜಿಡಿ (ಒಳಚರಂಡಿ) ಲೈನ್ ಇದ್ದರೆ ಅದಕ್ಕೆ ಸೇರಿಸಿ. ಮಲಗುವ ಕೋಣೆಯ ಕೆಳಗೆ ಗ್ಯಾಸ್ ಹುಟ್ಟುವ ಗುಂಡಿ ಇಟ್ಟುಕೊಂಡು ನಿದ್ದೆ ಹೇಗೆ ಬರುತ್ತದೋ.

ಚೇಂಬರನ್ನೇ ಹೊರಗೆ ಹಾಕಿಸಿದರೆ?

ಆಗುವ ಹಾಗಿದ್ದರೆ ಅದೇ ಒಳ್ಳೆಯದು, ನಾನು ಮೊದಲು ಕೇಳುವುದೂ ಇದನ್ನೇ. ಆದರೆ ನೆಲದ ಕೆಳಗಿನ ಇಳಿಜಾರು ನೋಡಬೇಕು. 4 ಇಂಚಿನ ಪೈಪಿಗೆ 40ಕ್ಕೆ 1ರ ಇಳಿಜಾರು ಹಿಡಿದರೆ, ಹತ್ತು ಅಡಿ ದೂರಕ್ಕೆ ಪೈಪು ಮೂರು ಇಂಚು ಕೆಳಗೆ ಹೋಗಬೇಕು. ಮುಂದಿನ ರಸ್ತೆ ಚೇಂಬರ್ ಅಷ್ಟು ಆಳದಲ್ಲಿ ಇಲ್ಲ ಅಂದರೆ ನೀರು ಹೋಗಲ್ಲ, ಕೂರುತ್ತದೆ.

ನಮ್ಮ ಕಡೆ ಇನ್ನೊಂದು ತಾಪತ್ರಯ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ತಳಕ್ಕೆ ಕಾಂಕ್ರೀಟ್ ಹಾಕದೆ ಬರೀ ಮಣ್ಣಿನ ಮೇಲೆ ಇಟ್ಟಿಗೆ ಕಟ್ಟಿದ ಚೇಂಬರ್ ನಾಲ್ಕು ಬೇಸಿಗೆಯಲ್ಲಿ ಒಂದು ಕಡೆ ಕೂತುಬಿಡುತ್ತದೆ, ಪೈಪಿನ ಜಾಯಿಂಟ್ ಬಿಡುತ್ತದೆ. ಚಿತ್ರದುರ್ಗದಲ್ಲಿ ಇದರ ಉಲ್ಟಾ. ಕೋಟೆ ಗುಡ್ಡದ ಮಗ್ಗುಲಿನ ಓಣಿಗಳಲ್ಲಿ ಸ್ವಲ್ಪ ಅಗೆದರೆ ಬಂಡೆ ಟಣ್ ಅನ್ನುತ್ತದೆ. ಅಲ್ಲಿ ಚೇಂಬರ್ ಸರಿಸುವುದು ಅಂದರೆ ಬ್ರೇಕರ್ ತಂದು ಬಂಡೆ ಕೊರೆಸುವ ಕೆಲಸ. ಅಂಥ ಮನೆಯಲ್ಲಿ ಇದ್ದಲ್ಲೇ ಒಳ್ಳೆ ಮುಚ್ಚಳ ಕೂರಿಸುವುದು ಮೇಲು.

ಇವೆರಡರ ನಡುವೆ ಒಂದು ದಾರಿ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಚೇಂಬರ್ ಒಳಗೆ ತೆರೆದ ಕಾಲುವೆ ಬಿಡುವ ಬದಲು ಮುಚ್ಚಿದ ಪಿವಿಸಿ ಪೈಪನ್ನೇ ಹಾಯಿಸಿ, ಅದಕ್ಕೆ ಬಾಗಿಲಿರುವ ಫಿಟ್ಟಿಂಗ್ ಹಾಕುವುದು. ಡೋರ್ ಟೀ ಅಂತ ಕೇಳಿದರೆ ಅಂಗಡಿಯವರು ಕೊಡುತ್ತಾರೆ. ರಬ್ಬರ್ ವಾಷರ್ ಇರುವ ಆ ಚಿಕ್ಕ ಬಾಗಿಲನ್ನು ಬೋಲ್ಟ್ ಬಿಗಿದು ಮುಚ್ಚಿದರೆ ಗ್ಯಾಸು ಪೈಪಿನೊಳಗೇ ಉಳಿಯುತ್ತದೆ, ವಾಸನೆ ತಡೆಯುವ ಹೊಣೆಯೆಲ್ಲ ಮೇಲಿನ ಮುಚ್ಚಳದ ಮೇಲೆ ಬೀಳಲ್ಲ. ಇಂಗ್ಲೆಂಡಿನ ಕಟ್ಟಡ ನಿಯಮದ ಮಾರ್ಗಸೂಚಿಯಲ್ಲೂ ಇದೇ ಮಾತಿದೆ: ಕಟ್ಟಡದ ಒಳಗಿನ ಚೇಂಬರಿಗೆ ಗಾಳಿ ಆಡದ, ಬಿಗಿದು ಕೂರಿಸಿದ ಮುಚ್ಚಳ ಇರಬೇಕು, ಇಲ್ಲವಾದರೆ ಒಳಗಿನ ಪೈಪಿಗೇ ನೀರು ಸೋರದ ಬಾಗಿಲಿರಬೇಕು. ನನ್ನ ಕೇಳಿದರೆ ಎರಡೂ ಇರಲಿ.

ಟೈಲ್ ಕೂರಿಸುವ ಟ್ರೇ ಮುಚ್ಚಳ ಅಂದರೆ ಏನು?

ಊಟದ ತಟ್ಟೆಯ ಹಾಗೆ ಅಂಚೆದ್ದ ಒಂದು ಲೋಹದ ತಟ್ಟೆ, ಅದು ಕೂರುವುದಕ್ಕೆ ಒಂದು ಚೌಕಟ್ಟು. ಚೌಕಟ್ಟನ್ನು ನೆಲಕ್ಕೆ ಹೂಳುತ್ತಾರೆ. ತಟ್ಟೆಯೊಳಗೆ ಕಾಂಕ್ರೀಟ್ ತುಂಬಿ ನಿಮ್ಮದೇ ಟೈಲ್ ಅಂಟಿಸುತ್ತಾರೆ. ಕೂರಿಸಿದ ಮೇಲೆ ಕಾಣುವುದು ಎರಡು ತೆಳ್ಳನೆ ಲೋಹದ ಗೆರೆ, ಮೂಲೆಯಲ್ಲಿ ಕೊಕ್ಕೆ ಹಾಕುವ ತೂತು. ತೀರಾ ಕಾಣದ ಹಾಗೆ ಬೇಕು ಅನ್ನುವವರಿಗೆ ನಾನು ಹೇಳುವುದು, ಆ ಗೆರೆ ಕಾಣಲಿ ಬಿಡಿ. ಅದೇ ನಿಮ್ಮ ಗುರುತು. ನನ್ನ ಹಾಗೆ ಸುತ್ತಿಗೆ ಹಿಡಿದು ಕುಟ್ಟುತ್ತಾ ಕೂರಬೇಕಾಗಲ್ಲ.

ತರುವಾಗ ಸಿಂಗಲ್ ಸೀಲ್, ಡಬಲ್ ಸೀಲ್ ಅಂತ ಎರಡು ನಮೂನೆ ಇರುತ್ತದೆ, ಅಂದರೆ ವಾಸನೆ ತಡೆಯುವ ಅಂಚು ಒಂದು ಸುತ್ತಿನದು, ಎರಡು ಸುತ್ತಿನದು. ಮನೆಯೊಳಗೆ ಡಬಲ್ ಸೀಲ್ ಬೇಕು, ಜೊತೆಗೆ ರಬ್ಬರ್ ಗ್ಯಾಸ್ಕೆಟ್, ಬಿಗಿಯುವ ಬೋಲ್ಟ್ ಇದ್ದರೆ ಇನ್ನೂ ವಾಸಿ. ಅಂಗಳದಲ್ಲಿ ಹಾಕುವ ಸಾದಾ ಮುಚ್ಚಳವನ್ನೇ ತಂದು "ಇದೂ ಅದೇ ಅಣ್ಣಾ" ಅನ್ನುವವರಿದ್ದಾರೆ. ಅದೇ ಅಲ್ಲ. ಹೊರಗೆ ವಾಸನೆ ಗಾಳಿಗೆ ಹೋಗುತ್ತದೆ, ಒಳಗೆ ನಿಮ್ಮ ಮೂಗಿಗೆ ಬರುತ್ತದೆ.

ಯಾವ ಲೋಹ? ಸಿಮೆಂಟಿನದು ಆಗುತ್ತಾ?

ಅಡುಗೆಮನೆ, ಬಚ್ಚಲು, ದಿನಾ ನೀರು ಬೀಳುವ ಜಾಗಕ್ಕೆ ಎಸ್‌ಎಸ್ 304, ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಒಣ ಜಾಗಕ್ಕೆ ಜಿಐ (ಸತು ಲೇಪಿಸಿದ ಕಬ್ಬಿಣ) ಸಾಕು, ಅಗ್ಗ ಕೂಡ. ಆದರೆ ಜಿಐ ಅಂಚನ್ನು ಯಾರಾದರೂ ಗ್ರೈಂಡರ್ ಹಿಡಿದು ಉಜ್ಜಿದರೆ ಮೇಲಿನ ಸತುವಿನ ಲೇಪ ಹೋಗಿ ಅಲ್ಲೇ ತುಕ್ಕು ಶುರು, ತಿಳಿ ಬಣ್ಣದ ಟೈಲ್ ಮೇಲೆ ಆ ಕೆಂಪು ಕಲೆ ಹೋಗಲ್ಲ. ಬಚ್ಚಲು ತೊಳೆಯುವ ಆಸಿಡ್ ಬಿದ್ದರೆ ಎಸ್‌ಎಸ್ ಕೂಡ ಕಪ್ಪಾಗುತ್ತದೆ, ಅದನ್ನು ತಡೆಯುವುದು ನಿಮ್ಮ ಕೈಯಲ್ಲಿದೆ.

ಸಿಮೆಂಟಿನ ರೆಡಿಮೇಡ್ ಮುಚ್ಚಳಗಳಿಗೆ ಐಎಸ್ 12592 ಅನ್ನುವ ಮಾನಕ ಇದೆ, ಅದರಲ್ಲಿ 2.5 ಟನ್, 10, 20, 35 ಟನ್ ಅಂತ ದರ್ಜೆಗಳು. ಮನೆಯೊಳಗೆ ಲಾರಿ ಓಡಲ್ಲ, 2.5 ಟನ್ನಿನದು ಬೇಕಾದಷ್ಟಾಯಿತು. ಆದರೆ ಸಿಮೆಂಟ್ ಮುಚ್ಚಳ ಬರೀ ತನ್ನ ಭಾರಕ್ಕೆ ಕೂರುತ್ತದೆ, ವಾಸನೆ ತಡೆಯಲ್ಲ. ಪೋರ್ಟಿಕೋದಲ್ಲಿ ಹಾಕಿ.

ಎಷ್ಟು ದೊಡ್ಡದು ಬೇಕು? ಎತ್ತಲಿಕ್ಕೆ ಆಗುತ್ತಾ?

ಇದನ್ನು ಕೊಳ್ಳುವಾಗ ಯಾರೂ ಕೇಳಲ್ಲ, ಎತ್ತುವಾಗ ಎಲ್ಲರೂ ಕೇಳುತ್ತಾರೆ. ಲೆಕ್ಕ ಹಾಕೋಣ. 450 ಎಂಎಂ ಚೌಕದ ಟ್ರೇಯಲ್ಲಿ 35 ಎಂಎಂ ಗಾರೆ ತುಂಬಿದರೆ ಗಾರೆಯೇ ಸುಮಾರು 15 ಕೆಜಿ, ಟೈಲ್ 4 ಕೆಜಿ, ಟ್ರೇಯ ಲೋಹ ಬೇರೆ. ಒಟ್ಟು 25ರಿಂದ 30 ಕೆಜಿ, ಅಂದರೆ ಒಂದು ಅಕ್ಕಿ ಮೂಟೆ. ಅದನ್ನೇ 600 ಎಂಎಂ ಮಾಡಿದರೆ 45 ಕೆಜಿ ದಾಟುತ್ತದೆ. ಎರಡಡಿ ಟೈಲ್ ಇಡಿಯಾಗಿ ಕೂರುತ್ತದೆ, ನೋಡಲಿಕ್ಕೆ ಚೆಂದ ಅಂತ ಜನ 600ರದ್ದನ್ನೇ ಕೇಳುತ್ತಾರೆ. ಅದನ್ನು ನೇರವಾಗಿ ಮೇಲೆತ್ತಲು ಇಬ್ಬರು ಗಟ್ಟಿ ಆಳು ಬೇಕು, ಬೆನ್ನು ಹಿಡಿದುಕೊಂಡರೆ ಮೂರನೆಯವನು.

ಮನೆಯ ಚೇಂಬರ್ ಎರಡು ಮೂರಡಿ ಆಳವಿದ್ದರೆ 450 ಸಾಕು, ಮೇಲಿನಿಂದಲೇ ರಾಡ್ ಹಾಕಿ ತಳ್ಳಬಹುದು. ಆಳ ಕಮ್ಮಿ ಇರುವ ಟ್ರೇ ತಂದು ತೆಳ್ಳಗೆ ಗಾರೆ ಹಾಕಿ ಟೈಲ್ ಅಂಟಿನಿಂದ ಅಂಟಿಸಿದರೆ ಭಾರ ಇನ್ನೂ ಇಳಿಯುತ್ತದೆ. ಭಾರ ಇಳಿಸಲು ಥರ್ಮೋಕೋಲ್ ತುಂಬಿಸಿದ ಮೇಸ್ತ್ರಿಯೊಬ್ಬರ ಕೆಲಸ ನೋಡಿದ್ದೇನೆ. ಸಿಲಿಂಡರ್ ಹೊತ್ತವನು ಒಂದು ಹೆಜ್ಜೆ ಇಟ್ಟ, ಟೈಲ್ ಲಟಕ್ ಅಂತು.

ಕೂರಿಸುವ ಕ್ರಮ ಹೇಗೆ? ನಮ್ಮ ಮೇಸ್ತ್ರಿಗೆ ಹೇಳಬೇಕು.

ಮೊದಲು ಟೈಲ್ ಹಾಸುವ ಲೈನ್ ನೋಡಿ ಚೌಕಟ್ಟಿನ ಜಾಗ ಗುರುತು ಮಾಡಿ. ಟೈಲ್ ಜಾಯಿಂಟಿನ ಗೆರೆ, ಚೌಕಟ್ಟಿನ ಅಂಚು ಒಂದೇ ಸಾಲಿಗೆ ಬಂದರೆ ಕಣ್ಣಿಗೆ ಬೀಳುವುದೇ ಇಲ್ಲ. ಚೇಂಬರ್ ಗೋಡೆ ನಿಮ್ಮ ಲೈನಿಗೆ ಸೊಟ್ಟ ಇದ್ದರೆ ಗೋಡೆಯ ಮೇಲೆ ಒಂದು ಸುತ್ತು ಕಾಂಕ್ರೀಟ್ ಪಟ್ಟಿ ಕಟ್ಟಿ, ಅದರ ಮೇಲೆ ಚೌಕಟ್ಟನ್ನು ಟೈಲ್ ಲೈನಿಗೆ ನೇರ ಇಡಿ. ಎರೆ ಮಣ್ಣಿನ ಕಡೆ ಈ ಪಟ್ಟಿ ಬೇಕೇ ಬೇಕು.

ಚೌಕಟ್ಟು ಹೂಳುವಾಗ ತಟ್ಟೆ ಅದರೊಳಗೇ ಇರಲಿ. ಬರೀ ಚೌಕಟ್ಟು ಇಟ್ಟು ಸುತ್ತ ಗಾರೆ ಒತ್ತಿದರೆ ಅದು ಒಂದಿಷ್ಟು ಒಳಕ್ಕೆ ಬಾಗುತ್ತದೆ, ಆಮೇಲೆ ತಟ್ಟೆ ಒಳಗೆ ಹೋಗಲ್ಲ, ಹೋದರೆ ಹೊರಗೆ ಬರಲ್ಲ. ತಟ್ಟೆ ಮತ್ತು ಚೌಕಟ್ಟಿನ ಸಂದಿಗೆ ಮೇಲಿನಿಂದ ಟೇಪ್ ಅಂಟಿಸಿ, ಇಲ್ಲದಿದ್ದರೆ ಸಿಮೆಂಟ್ ಹಾಲು ಇಳಿದು ಎರಡನ್ನೂ ಒಂದು ಮಾಡಿಬಿಡುತ್ತದೆ. ರಸಮಟ್ಟ ನಾಲ್ಕೂ ಕಡೆ ಇಟ್ಟು ನೋಡಿ. ಚೌಕಟ್ಟಿನ ಮೇಲಂಚು ಟೈಲ್ ಹಾಸಿದ ಮೇಲಿನ ಮಟ್ಟಕ್ಕೆ ಸರಿಯಾಗಿರಬೇಕು, ಗಾರೆ ಮಟ್ಟಕ್ಕಲ್ಲ. ಒಂದು ಎಂಎಂ ಎದ್ದಿದ್ದರೂ ಬರಿಗಾಲಿನ ಬೆರಳಿಗೆ ಗೊತ್ತಾಗುತ್ತದೆ, ಮನೆಯ ಅಜ್ಜಿ ಎಡವುವುದೂ ಅದಕ್ಕೇ.

ಗಾರೆ ಗಟ್ಟಿಯಾದ ಮೇಲೆ ಟ್ರೇ ತುಂಬಿ ಟೈಲ್ ಅಂಟಿಸಿ. ಎಲ್ಲಾ ಒಣಗಿದ ಮೇಲೆ ಒಂದು ಸಲ ತೆಗೆದು, ಅಂಚು ಒರೆಸಿ, ಚೌಕಟ್ಟಿನ ಸುತ್ತ ಇರುವ ತೋಡಿನೊಳಗೆ ಗ್ರೀಸ್ ತುಂಬಿ ಮತ್ತೆ ಕೂರಿಸಿ. ಈ ಗ್ರೀಸೇ ವಾಸನೆ ತಡೆಯುವುದು. ಬೆಣ್ಣೆ ದೋಸೆಗೆ ಬೆಣ್ಣೆ ಹಾಕುವ ಹಾಗೆ ಧಾರಾಳವಾಗಿ ಹಾಕಿ, ಕಂಜೂಸಿ ಬೇಡ. ತಟ್ಟೆಯ ಕೆಳಗೂ ಚೌಕಟ್ಟಿಗೂ ಪೇಂಟಿನಲ್ಲಿ ಒಂದೊಂದು ಬಾಣ ಬರೆದರೆ ಮುಂದಿನ ಸಲ ಯಾವ ಕಡೆ ತಿರುಗಿಸಿ ಇಡಬೇಕು ಅಂತ ಗೊತ್ತಾಗುತ್ತದೆ.

ಮೇಸ್ತ್ರಿ ಮುಚ್ಚಳದ ಸುತ್ತಲಿನ ಸಂದಿಗೂ ಗ್ರೌಟ್ ತುಂಬಿಬಿಟ್ಟಿದ್ದಾರೆ, ಏಳುತ್ತಿಲ್ಲ.

ಎಲ್ಲರ ಮನೆಯಲ್ಲೂ ಆಗುವುದೇ. ಪಾಪ, ಅವರಿಗೆ ಸಂದಿ ಕಂಡರೆ ಕೈ ಸುಮ್ಮನಿರಲ್ಲ. ಸಾದಾ ಸಿಮೆಂಟ್ ಗ್ರೌಟ್ ಆದರೆ ಹಳೇ ಹ್ಯಾಕ್ಸಾ ಬ್ಲೇಡಿನಿಂದ ಮೆಲ್ಲಗೆ ಕೆರೆದರೆ ಬರುತ್ತದೆ. ಎಪಾಕ್ಸಿ ಆದರೆ ಒಂದು ಇಡೀ ದಿನ ಕೂತು ಕೆರೆಯಬೇಕು, ಟೈಲ್ ಅಂಚು ಚಕ್ಕೆ ಏಳುವುದೂ ಉಂಟು. ಗ್ರೌಟ್ ಮಾಡುವ ದಿನ ನೀವು ಮನೆಯಲ್ಲಿರಿ, ಇಷ್ಟೇ ನಾನು ಹೇಳುವುದು.

ಎಲ್ಲಾ ಸರಿ ಮಾಡಿಸಿದರೂ ವಾಸನೆ ಬರುತ್ತಿದೆ.

ಮುಚ್ಚಳವನ್ನು ಬಯ್ಯುವ ಮೊದಲು ಟ್ರ್ಯಾಪ್ ನೋಡಿ. ಏಪ್ರಿಲ್, ಮೇ ಬಿಸಿಲಿಗೆ ಉಪಯೋಗಿಸದ ಬಚ್ಚಲಿನ ಟ್ರ್ಯಾಪ್ ನೀರು ಆರಿಹೋಗುತ್ತದೆ. ಮಕ್ಕಳ ರಜೆಗೆ ಊರಿಗೆ ಹೋಗಿ ಬಂದು ಬಾಗಿಲು ತೆಗೆದರೆ ಗಪ್ ಅಂತ ಹೊಡೆಯುವುದು ಅದೇ. ಎರಡು ಚೊಂಬು ನೀರು ಹಾಕಿದರೆ ಮುಗಿಯಿತು. ವಾಷಿಂಗ್ ಮಿಷನ್ ಪೈಪನ್ನು ಟ್ರ್ಯಾಪ್ ಇಲ್ಲದೆ ನೇರ ಲೈನಿಗೆ ತುರುಕಿರುವುದು ಎರಡನೇ ಕಾರಣ. ಮೂರನೆಯದು, ಲೈನಿನ ಗಾಳಿ ಹೊರಬಿಡಲು ಟೆರೇಸಿಗೆ ಹೋಗಬೇಕಾದ ವೆಂಟ್ ಪೈಪೇ ಇಲ್ಲ.

ಮುಚ್ಚಳದ್ದೇ ತಪ್ಪಾ ಅಂತ ತಿಳಿಯಲು ನಾನು ಮಾಡುವ ಪರೀಕ್ಷೆ ಹೀಗೆ. ರಾತ್ರಿ ಮುಚ್ಚಳದ ಮೇಲೆ ಒಂದು ತೆಳ್ಳನೆ ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಹಾಸಿ, ನಾಲ್ಕೂ ಅಂಚಿಗೆ ಅಗಲ ಟೇಪ್ ಅಂಟಿಸುತ್ತೇನೆ. ಬೆಳಗ್ಗೆ ವಾಸನೆ ಇಲ್ಲ ಅಂದರೆ ಕಳ್ಳ ಸಿಕ್ಕ. ಎಂಸಿಸಿ ಬಡಾವಣೆಯ ಒಂದು ಮನೆಯಲ್ಲಿ ಮೇಲಿನ ಮಹಡಿಯಲ್ಲಿ ಫ್ಲಶ್ ಎಳೆದಾಗ ಆ ಹಾಳೆ ಪೂರಿ ಉಬ್ಬಿದ ಹಾಗೆ ಉಬ್ಬಿ, ಮತ್ತೆ ನಿಧಾನಕ್ಕೆ ಕೂತದ್ದನ್ನು ಮನೆಯವರೆಲ್ಲ ಸುತ್ತ ನಿಂತು ನೋಡಿದರು. ಪೈಪಿನಲ್ಲಿ ಇಳಿಯುವ ನೀರು ಮುಂದಿನ ಗಾಳಿಯನ್ನು ತಳ್ಳುತ್ತದೆ, ಅದಕ್ಕೆ ವೆಂಟ್ ದಾರಿ ಇಲ್ಲದಿದ್ದರೆ ಮುಚ್ಚಳದ ಸಂದಿಯಲ್ಲಿ ನುಗ್ಗುತ್ತದೆ. ಅಲ್ಲಿ ಮುಚ್ಚಳ ಬದಲಾಯಿಸಲಿಲ್ಲ, ವೆಂಟ್ ಪೈಪ್ ಏರಿಸಿದೆವು, ಗ್ರೀಸ್ ಹೊಸದಾಗಿ ಹಾಕಿದೆವು. ಊದುಬತ್ತಿ ಹೊಗೆ ಹಿಡಿದು ನೋಡುವವರೂ ಇದ್ದಾರೆ. ಚೇಂಬರ್ ಹತ್ತಿರ ಬೆಂಕಿ ತರುವುದು ನನಗೆ ಸರಿ ಕಾಣಲ್ಲ.

ವಾಸ್ತು ಪ್ರಕಾರ ಅಡುಗೆಮನೆಯಲ್ಲಿ ಚೇಂಬರ್ ಇರಬಹುದಾ?

ಅದನ್ನು ವಾಸ್ತುವಿನವರನ್ನೇ ಕೇಳಿ. ಆದರೆ ಅವರು "ಮುಚ್ಚಿಸಿಬಿಡಿ" ಅಂದರೆ ನೀರು ಎಲ್ಲಿಗೆ ಹೋಗಬೇಕು ಅಂತಲೂ ಅವರನ್ನೇ ಕೇಳಿ.

ಮಳೆ ಬಂದಾಗ ಚೇಂಬರಿನಿಂದ ನೀರು ಮೇಲೆ ಬರುತ್ತದೆ. ಬೋಲ್ಟ್ ಹಾಕಿ ಬಿಗಿದರೆ ನಿಲ್ಲುತ್ತಾ?

ಅಲ್ಲಿ ನಿಲ್ಲುತ್ತದೆ, ಬಚ್ಚಲ ಜಾಲಿಯಲ್ಲಿ ಏಳುತ್ತದೆ. ರಸ್ತೆಯ ಯುಜಿಡಿ ತುಂಬಿ ಹಿಂದಕ್ಕೆ ಒತ್ತಿದಾಗ ನೀರು ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನ ಬಾಯಿ ಹುಡುಕುತ್ತದೆ. ಹೊರಗಿನ ಲೈನಿಗೆ, ರಸ್ತೆ ಸೇರುವ ಮೊದಲು, ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಅದನ್ನೂ ವರ್ಷಕ್ಕೆರಡು ಸಲ ತೆಗೆದು ತೊಳೆಯಬೇಕು, ಒಂದು ಚಿಂದಿ ಬಟ್ಟೆ ಸಿಕ್ಕಿಕೊಂಡರೆ ಅದರ ಬಾಗಿಲು ಪೂರ್ತಿ ಮುಚ್ಚಲ್ಲ. ಮಳೆನೀರಿನ ಪೈಪನ್ನು ಯುಜಿಡಿಗೆ ಸೇರಿಸಿದ್ದರೆ ಮೊದಲು ಅದನ್ನು ಬಿಡಿಸಿ. ನಮ್ಮ ಓಣಿಯವರೆಲ್ಲ ಸೇರಿಸಿದ್ದಾರೆ ಅನ್ನಬೇಡಿ, ಅದಕ್ಕೇ ಓಣಿಯವರಿಗೆಲ್ಲ ನೀರು ಮೇಲೆ ಬರುವುದು.

ತೆಗೆಯುವಾಗ ಏನು ಎಚ್ಚರ?

ಒಲೆ ಆರಿಸಿ, ಕಿಟಕಿ ಬಾಗಿಲು ತೆಗೆದು, ಮಕ್ಕಳನ್ನು ಆಚೆ ಕಳಿಸಿ. ಮುಚ್ಚಳ ತೆಗೆದ ಕೂಡಲೇ ಬಗ್ಗಿ ನೋಡಬೇಡಿ, ಹತ್ತು ನಿಮಿಷ ಬಿಡಿ. ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಹೈಡ್ರೋಜನ್ ಸಲ್ಫೈಡ್, ಅದು ಜಾಸ್ತಿ ಆದರೆ ಮೂಗೇ ಮರಗಟ್ಟಿ ವಾಸನೆ ಗೊತ್ತಾಗುವುದು ನಿಂತುಹೋಗುತ್ತದೆ. ವಾಸನೆ ಹೋಯ್ತು ಅಂದರೆ ಗ್ಯಾಸ್ ಹೋಯ್ತು ಅಂತ ಅಲ್ಲ.

ಒಳಗೆ ಯಾರನ್ನೂ ಇಳಿಸಬೇಡಿ. ಮನುಷ್ಯರನ್ನು ಮಲದ ಗುಂಡಿಗೆ, ಟ್ಯಾಂಕಿಗೆ ಇಳಿಸಿ ಕೆಲಸ ಮಾಡಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ, ಮಾಡಿಸಿದ ಮನೆಯವರೂ ಹೊಣೆ. "ಐನೂರು ಕೊಡ್ತೀನಿ, ಸ್ವಲ್ಪ ಇಳೀತೀಯಾ" ಅನ್ನುವ ಮಾತು ಕೇಳಿದಾಗ ನಾನು ಆ ಮನೆಯ ಕೆಲಸ ಬಿಟ್ಟು ಬಂದಿದ್ದೇನೆ. ರಾಡಿಗೆ ಬಗ್ಗದಿದ್ದರೆ ಪಾಲಿಕೆ ಅಥವಾ ನಗರಸಭೆಗೆ ಹೇಳಿ ಮಿಷನ್ ತರಿಸಿ.

ಮೇಲೆ ಫ್ರಿಜ್ ಇಡಬಹುದಾ?

ಭಾರ ತಡೆಯುತ್ತದೆ, ಪ್ರಶ್ನೆ ಅದಲ್ಲ. ರಾತ್ರಿ ಹನ್ನೊಂದಕ್ಕೆ ಕಟ್ಟಿಕೊಂಡಾಗ ಫ್ರಿಜ್ ಸರಿಸುವವರು ಯಾರು? ಓಡಾಡುವ ಜಾಗದಲ್ಲಿ ಬೇಡ, ಬಾಗಿಲ ಹೊಸ್ತಿಲಿಗೂ ಬೇಡ, ಗೋಡೆ ಪಕ್ಕದ ಖಾಲಿ ಜಾಗದಲ್ಲಿದ್ದರೆ ಒಳ್ಳೆಯದು. ಮೇಲೆ ಒಂದು ಹಗುರ ಸ್ಟೂಲ್ ಇಡಿ, ಸಾಕು.

ಬಾಡಿಗೆ ಮನೆ, ನೆಲ ಒಡೆಯುವ ಹಾಗಿಲ್ಲ.

ಇರುವ ಕಲ್ಲಿನ ಸುತ್ತ ಹಳೇ ಗಾರೆ ಕೆರೆದು, ಒಣಗಿಸಿ, ಸಂದಿಗೆ ಸಿಲಿಕಾನ್ ಎಳೆಯಿರಿ. ಒದ್ದೆ ಜಾಗಕ್ಕೆ ಹಿಡಿಯಲ್ಲ, ಒಂದು ರಾತ್ರಿ ಫ್ಯಾನ್ ಹಾಕಿ. ಬೇಕಾದಾಗ ಬ್ಲೇಡಿನಲ್ಲಿ ಕೊಯ್ದು ತೆಗೆಯಬಹುದು, ಜಿರಳೆ ಬರುವುದೂ ನಿಲ್ಲುತ್ತದೆ. ಮೇಲೆ ಮ್ಯಾಟ್ ಹಾಸಿದರೆ ಕೆಳಗೆ ತೇವ ಕಟ್ಟಿ ಬೂಸು ಬರುತ್ತದೆ.

ನಮ್ಮದು ಹಳೇ ಕೆಂಪು ಗಾರೆ ನೆಲ.

ಚೆಂದದ ನೆಲ, ಒಡೆಯಬೇಡಿ. ಟ್ರೇಯಲ್ಲಿ ಟೈಲ್ ಬದಲು ರೆಡ್ ಆಕ್ಸೈಡ್ ಗಾರೆಯನ್ನೇ ತುಂಬಿ ನುಣ್ಣಗೆ ಉಜ್ಜಿಸಬಹುದು. ಹಳೆಯದಕ್ಕೂ ಹೊಸದಕ್ಕೂ ಬಣ್ಣ ಒಂದೇ ಆಗಲ್ಲ, ಅಷ್ಟು ಮಾತ್ರ ಮೊದಲೇ ಒಪ್ಪಿಕೊಳ್ಳಿ.

ಎತ್ತುವ ಕೊಕ್ಕೆ ಕಳೆದುಹೋಗಿದೆ.

ನೂರಕ್ಕೆ ತೊಂಬತ್ತು ಮನೆಯಲ್ಲಿ ಕಳೆದಿರುತ್ತದೆ, ಟೂಲ್ಸ್ ಡಬ್ಬಿಯಲ್ಲಿಟ್ಟೆವು ಅನ್ನುತ್ತಾರೆ, ಡಬ್ಬಿಯೇ ಸಿಗಲ್ಲ. ತೂತಿನ ಒಳಗೆ ಮರೆ (ಥ್ರೆಡ್) ಇದ್ದರೆ ಅದೇ ಅಳತೆಯ ಮರೆ ಇರುವ ಬೋಲ್ಟ್ ಎರಡು ತಂದು ತಿರುಗಿಸಿ, ತಲೆಗೆ ಕಟ್ಟುತಂತಿ ಸುತ್ತಿ ಹಿಡಿಕೆ ಮಾಡಿಕೊಂಡು ಎತ್ತಬಹುದು. ಎತ್ತುವ ಮೊದಲು ಸುತ್ತ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಗ್ರೀಸ್ ಹಿಡಿತ ಬಿಡುತ್ತದೆ. ಗಾಜು ಎತ್ತುವ ವ್ಯಾಕ್ಯೂಮ್ ಹಿಡಿಕೆ ನುಣುಪು ಟೈಲಿಗೆ ಅಂಟುತ್ತದೆ, ಆದರೆ ಅದು ಎತ್ತುವುದು ಟೈಲನ್ನು, ಟ್ರೇಯನ್ನಲ್ಲ. ಅಂಟು ಸಡಿಲ ಇದ್ದರೆ ಟೈಲ್ ಮಾತ್ರ ಕೈಗೆ ಬರುತ್ತದೆ. ಹೊಸ ಕೊಕ್ಕೆ ಸಿಕ್ಕ ಮೇಲೆ ಅಡುಗೆಮನೆ ಬಾಗಿಲ ಹಿಂದೆ, ಕ್ಯಾಲೆಂಡರ್ ನೇತುಹಾಕಿದ ಮೊಳೆಗೇ ನೇತುಹಾಕಿ. ನಮ್ಮನೆಯದು ಅಲ್ಲೇ ಇದೆ. ಅವ್ವ ತಿಂಗಳು ತಿರುಗಿಸುವಾಗೆಲ್ಲ ಅದು ಟಿಣ್ ಅನ್ನುತ್ತದೆ.